ಬೀಗರೊಂದಿಗೆ ಬೆಟ್ಟದ ಮೇಲೊಂದು ರಾತ್ರಿ

ನಮ್ಮ ಮನೆಯಲ್ಲಿ ಒಂದು ಸ್ಟೀಲ್ ಲೋಟವಿದೆ. ಅದರಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಮುಚ್ಚಳವಿರುವ ಲೋಟ. ನೆಂಟರಿಷ್ಟರು ಮರೆತು ಬಾಯಿಗಿಟ್ಟಾರೆಂದು ನನ್ನ ಹೆಂಡತಿ ಶಾಂತಾ ಅದರ ಮೇಲೆ ಕೆಂಪು ನೇಲ್ ಪಾಲಿಶ್‌ನಿಂದ ದಪ್ಪನೆಯ ಗೆರೆಯೊಂದನ್ನು ಎಳೆದಿದ್ದಾಳೆ. ರಾತ್ರಿಯಾದರೆ ನಾನು ಮಂಚದ ಮೇಲೆ ಮಲಗುತ್ತೇನೆ, ನನ್ನ ಹಲ್ಲುಗಳು ಆ ಲೋಟದೊಳಗೆ ಮಲಗುತ್ತವೆ.

ಮೇಲಿನ ಸಾಲು, ಕೆಳಗಿನ ಸಾಲು, ಎರಡೂ. ಸಕ್ಕರೆ ಕಾಯಿಲೆಯಿಂದ ಹೋದವು ಎಂದು ನಾನು ಹೇಳುತ್ತೇನೆ. ಎಲೆ ಅಡಿಕೆಯಿಂದ ಹೋದವು ಎಂದು ಶಾಂತಾ ಹೇಳುತ್ತಾಳೆ. ಡಾಕ್ಟರು ಎರಡಕ್ಕೂ ತಲೆಯಾಡಿಸಿದರು. ಈಗೇನೋ ಇದನ್ನೆಲ್ಲ ನಿಮ್ಮ ಮುಂದೆ ಸಲೀಸಾಗಿ ಹೇಳುತ್ತಿದ್ದೇನೆ. ಆದರೆ ಮೊದಲ ಹತ್ತು ತಿಂಗಳು ಅದು ನಾನು, ಶಾಂತಾ ಮತ್ತು ಡಾಕ್ಟರು ಮೂವರೇ ಕಾಪಾಡಿಕೊಂಡು ಬಂದ ಗುಟ್ಟಾಗಿತ್ತು. ಮಗಳು ಪಲ್ಲವಿಗೂ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಅವಳು ಕೆಲಸದ ಮೇಲೆ ಪುಣೆಯಲ್ಲಿದ್ದಳು. ಮದುವೆಗೆ ಎರಡು ದಿನವಿದ್ದಾಗ ಮನೆಗೆ ಬಂದವಳು ನನ್ನನ್ನು ನೋಡಿ, “ಪಪ್ಪಾ, ನೀವು ನಕ್ರೆ ಎಷ್ಟ್ ಚೆನ್ನಾಗ್ ಕಾಣ್ತೀರ” ಅಂದಳು. ಅಂದೇ ಕಟ್ಟಿಸಿಕೊಂಡ ಹೊಚ್ಚ ಹೊಸ ಹಲ್ಲು, ಚೆನ್ನಾಗಿ ಕಾಣದೆ ಏನು ಮಾಡೀತು?

ಆ ಮೂರು ದಿನದ ಹಲ್ಲುಗಳೇ ಮದುವೆಯ ಛತ್ರದಲ್ಲಿ ನನ್ನ ಮಾನ ಕಳೆದದ್ದು. ಅಥವಾ ನಾನೇ ಕಳೆದುಕೊಂಡೆನೋ ಏನೋ, ನೀವೇ ಕೇಳಿ ಹೇಳಿ.

ನಮ್ಮದು ಗದಗ ಕಡೆಯ ಊರು. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಆಯುಷ್ಯ ಕಳೆದು, ಟಿ. ದಾಸರಹಳ್ಳಿಯಲ್ಲಿ ಮನೆ ಮಾಡಿಕೊಂಡವನು. ಪಲ್ಲವಿ ಮೆಚ್ಚಿ ಮದುವೆಯಾದ ಹುಡುಗ ಕಿರಣ ಕೆಂಪಾಪುರದವನು. ಅವರದು ಬೆಂಗಳೂರು ಇನ್ನೂ ಅಲ್ಲಿಗೆ ಬಾರದಿದ್ದಾಗಿನಿಂದ ಅಲ್ಲೇ ಇರುವ ಮನೆತನ. ಅವನ ತಂದೆ ಮುನಿಶಾಮಪ್ಪನವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಎತ್ತರದ ಆಳು, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಮದುವೆಯ ಮರುದಿನದ ಊಟದ ಪಂಕ್ತಿಯಲ್ಲಿ ನಮ್ಮ ಕಡೆಯವರು ತಂದಿದ್ದ, ಒಣಗಿಸಿ ಗಟ್ಟಿ ಮಾಡಿದ ಜೋಳದ ಕಟಕ ರೊಟ್ಟಿ ಬಡಿಸುತ್ತಿದ್ದಾಗ ಅವರು ನನ್ನ ಕಡೆ ತಿರುಗಿ ಪಂಕ್ತಿಗೆಲ್ಲ ಕೇಳುವಂತೆ ಅಂದರು:

“ಬೀಗ್ರೇ, ನಿಮ್ ರೊಟ್ಟಿ ತಿನ್ನಾಕೆ ಅಲ್ಲು ಗಟ್ಟಿ ಇರ್ಬೇಕು ಕಣ್ರೀ. ನಮ್ ಮುದ್ದೆ ಆದ್ರೆ ಅಲ್ಲಿಲ್ದೋರೂ ತಿನ್ಬೋದು!”

ಪಂಕ್ತಿ ಗೊಳ್ಳೆಂದು ನಕ್ಕಿತು. ಅವರಿಗೆ ನನ್ನ ಗುಟ್ಟು ಹೇಗೋ ಗೊತ್ತಾಗಿದೆ, ಬೇಕಂತಲೇ ಅಂದರು ಎಂದು ನನಗೆ ಖಾತ್ರಿಯಾಯಿತು. ಹೊಸ ಹಲ್ಲು ಒಸಡನ್ನು ಬೇರೆ ಕಡಿಯುತ್ತಿತ್ತು. ನಾನೂ ಅಷ್ಟೇ ದೊಡ್ಡ ದನಿಯಲ್ಲಿ ಹೇಳಿಬಿಟ್ಟೆ:

“ಹೌದ್ರಿ, ನೀವು ಅಗೀದ ನುಂಗೂ ಮಂದಿ. ಹೊಲಾನೂ ಹಂಗ ನುಂಗಿ ಕುಂತೀರಿ.”

ಈ ಸಲ ಯಾರೂ ನಗಲಿಲ್ಲ. ಹೆಬ್ಬಾಳ, ಕೆಂಪಾಪುರದ ಕಡೆಯ ಹಳಬರ ಹೊಲಗಳೆಲ್ಲ ರಸ್ತೆ, ಸೈಟು ಆಗಿ ಹೋದದ್ದು ನಿಮಗೆ ಗೊತ್ತೇ ಇದೆ. ಮುನಿಶಾಮಪ್ಪನವರ ಮುಖ ಸಪ್ಪಗಾಯಿತು. ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟು, ಎದ್ದು ಕೈ ತೊಳೆಯಲು ಹೋದರು. ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು. ಅವರು ನಮ್ಮ ಮನೆಗೆ ಬರಲಿಲ್ಲ, ನಾನು ಅವರ ಮನೆಗೆ ಹೋಗಲಿಲ್ಲ. ದೀಪಾವಳಿಗೆ ಮಗಳು ಅಳಿಯ ಬಂದರು, ಬೀಗರು ಬರಲಿಲ್ಲ. ಹೋಗುವಾಗ ಪಲ್ಲವಿ ಬಾಗಿಲಲ್ಲಿ ನಿಂತು, “ಪಪ್ಪಾ, ಆ ಮನೇಲಿ ನಿಮ್ ಹೆಸರೆತ್ತಿದ್ರೆ ಎಲ್ರೂ ಸುಮ್ನಾಗ್ತಾರೆ. ನಂಗೆ ಹೇಗಿರತ್ತೆ ಹೇಳಿ?” ಎಂದಳು.

ಹೀಗಿರುವಾಗ ಡಿಸೆಂಬರಿನಲ್ಲಿ ಒಂದು ದಿನ ಅವಳ ಫೋನು. “ಪಪ್ಪಾ, ಈ ಶನಿವಾರ ಫ್ರೀ ಇಟ್ಕೊಳ್ಳಿ. ಟ್ರೆಕ್ಕಿಂಗ್ ಹೋಗ್ತಿದೀವಿ. ಬೆಟ್ಟದ ಮೇಲೆ ಒಂದ್ ರಾತ್ರಿ ಉಳ್ಕೊಳ್ಳೋದು.”

“ನನ್ನ ಮೊಣಕಾಲು ಗುಡ್ಡಕ್ಕ ಒಪ್ಪೂದಿಲ್ಲ ಯವ್ವಾ” ಎಂದೆ.

“ಮೊಣಕಾಲು ಒಪ್ಪತ್ತೆ. ನೀವ್ ಒಪ್ಕೊಳ್ಳಿ ಸಾಕು.”

ಮಗಳು ಮದುವೆಯಾದ ಮೇಲೆ ಮೊದಲ ಸಲ ಏನನ್ನೋ ಕೇಳುತ್ತಿದ್ದಾಳೆ ಎಂದು ಒಪ್ಪಿಕೊಂಡೆ. ಶನಿವಾರ ಬೆಳಿಗ್ಗೆ ಮೆಟ್ರೋದಲ್ಲಿ ಯಶವಂತಪುರಕ್ಕೆ ಹೋಗಿ ಪ್ಲಾಟ್‌ಫಾರ್ಮ್ ಹತ್ತಿದರೆ, ಅಲ್ಲಿ ಪಲ್ಲವಿ, ಕಿರಣ, ಅವರ ಪಕ್ಕದಲ್ಲಿ ಹೆಗಲ ಮೇಲೆ ಕಪ್ಪು ಕಂಬಳಿ ಹಾಕಿಕೊಂಡು ಮುನಿಶಾಮಪ್ಪನವರು! ಅವರ ಮುಖ ನೋಡಿದರೆ ಅವರಿಗೂ ನಾನು ಬರುವ ಸಂಗತಿ ಹೇಳಿರಲಿಲ್ಲ ಎಂಬುದು ಸ್ಪಷ್ಟವಾಗಿತ್ತು. ಮಕ್ಕಳಿಬ್ಬರೂ ರೈಲು ಬರುವ ದಿಕ್ಕನ್ನೇ ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

ರೈಲಿನಲ್ಲಿ ನಾನು ಈ ಕಿಟಕಿ, ಅವರು ಆ ಕಿಟಕಿ. ಸಕಲೇಶಪುರದಲ್ಲಿ ಇಳಿದು ಜೀಪು ಹತ್ತಿದಾಗ ನಾನು ಮುಂದೆ, ಅವರು ಹಿಂದೆ. ಬೆಟ್ಟದ ಬುಡದಿಂದ ನಡೆಯಲು ಶುರುಮಾಡಿದ ಮೇಲೆ ಮಾತ್ರ ಹೀಗೆ ದೂರ ಕಾಯ್ದುಕೊಳ್ಳುವುದು ಕಷ್ಟವಾಯಿತು. ಯಾಕೆಂದರೆ ನಾವಿಬ್ಬರೂ ಒಂದೇ ಕಡೆ ನಿಂತು ಒಂದೇ ರೀತಿ ಏದುಸಿರು ಬಿಡುತ್ತಿದ್ದೆವು. ಹುಲ್ಲಿನ ಬೆಟ್ಟ, ನೆತ್ತಿಯ ಮೇಲೆ ಬಿಸಿಲು, ಕಣಿವೆಯಿಂದ ಏರಿ ಬರುವ ತಂಪು ಗಾಳಿ. ಮಕ್ಕಳು ಆಡಿನ ಮರಿಗಳಂತೆ ಮುಂದೆ ಮುಂದೆ ಹೋಗುತ್ತಿದ್ದರು. ನಾವು ಹತ್ತು ಹೆಜ್ಜೆ ಇಟ್ಟು, ಪರಸ್ಪರ ಬೆನ್ನು ತಿರುಗಿಸಿ ನಿಂತು, ಪ್ರಕೃತಿ ಸೌಂದರ್ಯ ಸವಿಯುವವರಂತೆ ಉಸಿರು ಕೂಡಿಸಿಕೊಂಡು ಮತ್ತೆ ಹತ್ತು ಹೆಜ್ಜೆ ಇಡುತ್ತಿದ್ದೆವು.

ಸೂರ್ಯ ಮುಳುಗುವ ಹೊತ್ತಿಗೆ ತಂಗುವ ಜಾಗ ಸಿಕ್ಕಿತು. ತಂಗುದಾಣ ಎಂದರೆ ನಾನು ಏನೇನೋ ಎಣಿಸಿದ್ದೆ. ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ತಗಡಿನ ಬಾಗಿಲು, ಮೇಲೆ ಶೀಟು, ಗಾಳಿಗೆ ಹಾರಬಾರದೆಂದು ಶೀಟಿನ ಮೇಲೆ ಸಾಲಾಗಿ ಕಲ್ಲು. ಒಳಗೆ ಸಗಣಿ ಸಾರಿಸಿದ ನೆಲ, ಸುತ್ತಿಟ್ಟ ನಾಲ್ಕು ಚಾಪೆ. ಕಾವಲಿಗೆ ಸೋಮಣ್ಣ ಎಂಬ ನಡುವಯಸ್ಸಿನ ವಾಚರ್ ಇದ್ದ. ಹೊರಗೆ ಮೂರು ಕಲ್ಲಿನ ಒಲೆಯಲ್ಲಿ ಅನ್ನ ಬೇಯುತ್ತಿತ್ತು.

ಆ ಚಾಪೆಗಳನ್ನು ನೋಡಿ ನನಗೆ ದಾಸರಹಳ್ಳಿಯ ಮೊದಲ ವರ್ಷಗಳು ನೆನಪಾದವು. ಒಂದು ಕೋಣೆಯಲ್ಲಿ ನಾವು ಆರು ಜನ, ಎಲ್ಲ ನಮ್ಮ ಕಡೆಯವರೇ, ಮೂರು ಪಾಳಿಯ ಕೆಲಸ. ಚಾಪೆ ಮೂರೇ. ರಾತ್ರಿ ಪಾಳಿ ಮುಗಿಸಿ ಬಂದವನು, ಬೆಳಗಿನ ಪಾಳಿಗೆ ಎದ್ದವನ ಚಾಪೆಯ ಮೇಲೆ ಬೀಳುತ್ತಿದ್ದ. ಹಾಗಾಗಿ ನಮ್ಮ ಚಾಪೆಗಳು ಎಂದೂ ತಣ್ಣಗಿರುತ್ತಿರಲಿಲ್ಲ. ಅದಕ್ಕೂ ಹಿಂದೆ, ಊರಿನಲ್ಲಿ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಅಜ್ಜನ ಪಕ್ಕ ಕೌದಿ ಹಾಸಿಕೊಂಡು ಮಲಗುತ್ತಿದ್ದೆವು. ಅಜ್ಜ ಆಕಾಶದ ಚಿಕ್ಕೆಗಳನ್ನು ತೋರಿಸುತ್ತ ತೋರಿಸುತ್ತ ತಾನೇ ಮೊದಲು ನಿದ್ದೆ ಹೋಗುತ್ತಿದ್ದ. ಅವನ ಬಾಯಲ್ಲೂ ಹಲ್ಲಿರಲಿಲ್ಲ. ಅದರ ಬಗ್ಗೆ ಅವನಿಗೆ ಒಂದಿಷ್ಟೂ ನಾಚಿಕೆಯಿರಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಊರಮಂದಿಯ ಎದುರೇ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದ. ನಾಚಿಕೆ ನನಗೆಲ್ಲಿಂದ ಬಂತೋ ಕಾಣೆ. ಬಹುಶಃ ಬೆಂಗಳೂರಿಗೆ ಬಂದ ಮೇಲೆ ಕಲಿತದ್ದಿರಬೇಕು.

ಇರಲಿ, ಬೆಟ್ಟಕ್ಕೆ ಬರೋಣ. ಮಕ್ಕಳು ಸ್ವಲ್ಪ ದೂರದಲ್ಲಿ ತಮಗೊಂದು ಟೆಂಟು ಹೊಡೆಯುತ್ತಿದ್ದರು. ಒಲೆಯ ಮುಂದೆ ನಾನು, ಮುನಿಶಾಮಪ್ಪನವರು, ಸೋಮಣ್ಣ. ಶಾಂತಾ ಮಗಳಿಗೆಂದು ಕೊಟ್ಟಿದ್ದ ಗಂಟನ್ನು ನಾನು ಬಿಚ್ಚಿದೆ. ಒಳಗೆ ಕಟಕ ರೊಟ್ಟಿಯ ದೊಡ್ಡ ಕಟ್ಟು. ಮುನಿಶಾಮಪ್ಪನವರು ಅದನ್ನು ನೋಡಿದರು. ಆಮೇಲೆ ಒಂದು ರೊಟ್ಟಿ ತೆಗೆದು, ಮೇಲಿಷ್ಟು ಚಟ್ನಿಪುಡಿ ಉದುರಿಸಿ, ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದರು.

“ತಗೋಳಿ. ನಿಮ್ ಕಡೇದು.”

ಹತ್ತು ತಿಂಗಳಲ್ಲಿ ಅವರು ನನ್ನೊಂದಿಗೆ ಆಡಿದ ಮೊದಲ ಮಾತು. ಬೇಡ ಎನ್ನುವ ಹಾಗಿರಲಿಲ್ಲ. ಈ ಹಲ್ಲು ಕಟ್ಟಿಸಿದ ಮೇಲೆ ಕಟಕ ರೊಟ್ಟಿಯನ್ನು ನಾನು ಬರೀ ಕಣ್ಣಿನಿಂದ ನೋಡುತ್ತಿದ್ದೆ. ಆದರೂ ಇಸಿದುಕೊಂಡು ಗಂಡಸುತನ ತೋರಿಸುವವನಂತೆ ಕಚ್ಚಿದೆ. ಟಕ್ ಎಂದಿತು. ಮುರಿದದ್ದು ರೊಟ್ಟಿಯಲ್ಲ.

ಕೆಳಗಿನ ಸೆಟ್ಟು ನಡುವೆ ಎರಡು ಹೋಳಾಗಿತ್ತು. ನಾನು ತುಟಿ ಬಿಗಿದು ಎದ್ದು ಬಂಡೆಯ ಹಿಂದೆ ಹೋದೆ. ಹೋಳುಗಳನ್ನು ಕರವಸ್ತ್ರದಲ್ಲಿ ಸುತ್ತಿದೆ. ಮೇಲಿನ ಸಾಲೊಂದನ್ನೇ ಇಟ್ಟುಕೊಂಡರೆ ಆನೆಯಂತೆ ಕಾಣುತ್ತೇನೆಂದು ಅದನ್ನೂ ತೆಗೆದು ಜೊತೆಗೆ ಸೇರಿಸಿದೆ. ಮಂಗನ ಟೋಪಿ ಕೆಳಗೆಳೆದುಕೊಂಡು, ಅದರ ಮೇಲೆ ಮಫ್ಲರ್ ಸುತ್ತಿಕೊಂಡು ಬಂದು ಕೂತೆ. ಊಟ ಬೇಡವೆಂದು ಕೈಯಾಡಿಸಿದೆ.

ಹೊರಗಿನಿಂದ ನೋಡುವವರಿಗೆ ಏನು ಕಂಡಿತು ಎಂದು ಈಗ ಯೋಚಿಸಿದರೆ ನನಗೇ ನಗು ಬರುತ್ತದೆ. ಬೀಗರು ಮರ್ಯಾದೆಯಿಂದ ರೊಟ್ಟಿ ಕೊಟ್ಟರು. ಈ ಮನುಷ್ಯ ಒಂದು ಕಡಿತ ಕಚ್ಚಿ, ರೊಟ್ಟಿ ಬಿಸಾಕಿ, ದಢದಢನೆ ಎದ್ದು ಹೋದ. ಬಂದವನು ಮುಖ ಮುಚ್ಚಿಕೊಂಡು ಕೂತ. ಯಾರು ಮಾತಾಡಿಸಿದರೂ ಹ್ಞೂಂ ಎಂದೂ ಅನ್ನಲೊಲ್ಲ.

ಪಲ್ಲವಿ ಬಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತಳು. “ಏನಾಯ್ತು ಪಪ್ಪಾ?” ನಾನು ಏನಿಲ್ಲವೆಂದು ತಲೆಯಾಡಿಸಿದೆ. “ಮಾವ ಏನಾದ್ರೂ ಅಂದ್ರಾ?” ಮತ್ತೆ ಇಲ್ಲವೆಂದು ತಲೆಯಾಡಿಸಿದೆ. “ಮತ್ತೆ ಮಾತಾಡಿ.” ಬಾಯಿ ತೆರೆದರೆ ಅಳಿಯನಿದ್ದಾನೆ, ಬೀಗರಿದ್ದಾರೆ. ನಾನು ಬೆಂಕಿಯನ್ನು ನೋಡಿದೆ.

ಅವಳ ಕಣ್ಣು ತುಂಬಿತು. “ನಿಮ್ಮಿಬ್ರನ್ನ ಇಲ್ಲಿಗೆ ಕರ್ಕೊಂಡ್ ಬರಕ್ಕೆ ಒಂದ್ ತಿಂಗ್ಳಿಂದ ಒದ್ದಾಡಿದೀವಿ. ಇಲ್ಲಿಗೆ ಬಂದೂ ಹೀಗೇನಾ?” ಎಂದವಳು ಎದ್ದು ಟೆಂಟಿನೊಳಗೆ ಹೋಗಿ ಜಿಪ್ಪು ಎಳೆದುಕೊಂಡಳು. ಆ ಜಿಪ್ಪಿನ ಸದ್ದು ನನ್ನ ಎದೆಯಲ್ಲೇ ಎಳೆದಂತಾಯಿತು. ಆಗಲೂ ನಾನು ಕರವಸ್ತ್ರ ಬಿಚ್ಚಿ ತೋರಿಸಲಿಲ್ಲ. ಅರವತ್ತಮೂರು ವರ್ಷದ ಮನುಷ್ಯನ ಹಟ ಎಂಥದು ನೋಡಿ.

ಎಂಟು ಗಂಟೆಗೆಲ್ಲ ಚಾಪೆ ಹಾಸಿದೆವು. ಸೋಮಣ್ಣ ಬಾಗಿಲ ಬಳಿ ಮಲಗಿ ಗೊರಕೆ ಶುರುಮಾಡಿದ. ಒಂದು ಗೋಡೆಗೆ ನಾನು, ಇನ್ನೊಂದು ಗೋಡೆಗೆ ಮುನಿಶಾಮಪ್ಪನವರು. ಶೀಟಿನ ಮೇಲೆ ಗಾಳಿ ಓಡಾಡುತ್ತಿತ್ತು. ಹಸಿವು ಬೇರೆ. ಮಗ್ಗುಲು ಬದಲಿಸುತ್ತಿದ್ದೆ. ಆಗ ಕತ್ತಲಿನಿಂದ ಅವರ ದನಿ ಬಂತು, ಎಂದಿನ ದೊಡ್ಡ ದನಿಯಲ್ಲ.

“ಬೀಗ್ರೇ, ನೀವ್ ಮಾತಾಡ್ದಿದ್ರೂ ಪರ್ವಾಗಿಲ್ಲ. ನಾನ್ ಏಳೋದು ಕೇಳುಸ್ಕೊಳಿ ಸಾಕು.”

ನಾನು ಅವರ ಕಡೆಗೆ ಮಗ್ಗುಲಾದೆ.

“ಒಲ ನಾವು ನುಂಗ್ಲಿಲ್ಲ. ರಸ್ತೆಗೆ ಒಂದಷ್ಟು ಓಯ್ತು. ಮಿಕ್ಕಿದ್ದು ಅಣ್ತಮ್ಮಂದಿರು ಕೊಟ್ಬುಡಾಣ ಅಂದ್ರು. ಕೊನೇಗೆ ಸೈನ್ ಆಕ್ದೋನು ನಾನು. ಬುಲ್ಡೋಜರ್ ಬಂದಾಗ ಒಲ್ದಲ್ಲಿ ಅವರೆಕಾಯಿ ಇತ್ತು. ಇನ್ನೂ ಅರ್ಧ ಬಲ್ತಿರ್ಲಿಲ್ಲ. ಇಬ್ನಿ ಬಿದ್ದು ಸೊಗಡು ಗಮ್ ಅಂತಿತ್ತು. ನಮ್ಮವ್ವ ಆ ಗಾಡಿ ಮುಂದ್ಮುಂದೇನೇ ಓಡ್ತಾ ಎಳೇ ಕಾಯೆಲ್ಲ ಕಿತ್ತು ಮಡ್ಲಿಗೆ ತುಂಬ್ಕೊಂತಾ ಇದ್ಲು. ಡ್ರೈವರ್ ಪಾಪ, ಗಾಡಿ ನಿಲ್ಸಿ ಇಳ್ದು ಬಂದು ಅವ್ನೂ ಕೀಳಾಕೆ ನಿಂತ. ಆವತ್ತಿನ ಸಾರು ನಮ್ ಮನೇಲಿ ಯಾರ್ಗೂ ಗಂಟ್ಲಲ್ಲಿ ಇಳೀಲಿಲ್ಲ. ಅದ್ಕೇ ನೀವು ಅಂಗಂದಾಗ ನಂಗೆ ಊಟ ಸೇರ್ಲಿಲ್ಲ. ಕೋಪ ಅಲ್ಲ ಬೀಗ್ರೇ. ನಮ್ಮವ್ವ ಗೆಪ್ತಿಗೆ ಬಂದ್ಲು, ಅಷ್ಟೇ.”

ಸೋಮಣ್ಣನ ಗೊರಕೆ ನಿಂತು ಮತ್ತೆ ಹತ್ತಿಕೊಂಡಿತು. ನಾನು ಎದ್ದು ಕೂತೆ. ಒಂದು ಪಂಕ್ತಿಯ ನಗುವಿಗೆ ಬದಲಾಗಿ ನಾನು ಈ ಮನುಷ್ಯನಿಗೆ ಏನು ಅಂದಿದ್ದೆ! ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗುವುದಿಲ್ಲ ಅನ್ನಿಸಿತು. ಮಫ್ಲರ್ ಕೆಳಗಿಳಿಸಿ, ‘ತಪ್ಪಾತ್ರಿ’ ಎಂದೆ. ನಾನು ಅಂದುಕೊಂಡದ್ದು ಹಾಗೆ. ಆದರೆ ಹಲ್ಲಿಲ್ಲದ ಬಾಯಿಂದ ಹೊರಬಿದ್ದದ್ದು, “ಹಪ್ಪಾಹ್ರಿ.”

“ಏನಂದ್ರಿ?”

“ಹಪ್ಪಾಹ್ರಿ ಬೀಗ್ರ, ಹಪ್ಪಾಹು.”

ಆಮೇಲೆ ಅವರು ಬಹಳ ಕನಿಕರದಿಂದ ಕೇಳಿದರು: “ಅಪ್ಪಳಾನಾ? ಇಷ್ಟೊತ್ನಲ್ಲಿ ಇಲ್ಲಿ ಅಪ್ಪಳ ಎಲ್ಲಿಂದ ತರ್ಲಿ ಬೀಗ್ರೇ? ಅಸೀತಾ ಇದ್ಯಾ?”

ಅವರು ಟಾರ್ಚ್ ಹಾಕಿದರು. ಬೆಳಕು ನೆಟ್ಟಗೆ ನನ್ನ ಬಾಯಿಯ ಮೇಲೆ ಬಿತ್ತು. ನಾನು ತಪ್ಪಿಸಿಕೊಳ್ಳಲಿಲ್ಲ. ಕರವಸ್ತ್ರ ಬಿಚ್ಚಿ ಮಡಿಲ ಮೇಲೆ ಇಟ್ಟುಕೊಂಡೆ. ಅವರು ಹತ್ತಿರ ಬಂದು ಕೂತು, ಕೆಳಗಿನ ಸೆಟ್ಟಿನ ಎರಡು ಹೋಳುಗಳನ್ನು ಟಾರ್ಚಿನ ಕೆಳಗೆ ಹಿಡಿದು, ಮುರಿದ ಗೇರನ್ನು ಪರೀಕ್ಷಿಸುವ ಮೆಕ್ಯಾನಿಕ್ಕಿನಂತೆ ಅತ್ತ ಇತ್ತ ತಿರುಗಿಸಿದರು.

“ರೊಟ್ಟಿ ಕಚ್ಚಿದ್ರಲ್ಲ, ಆಗ್ಲಾ?”

ನಾನು ಹೌದೆಂದು ತಲೆಯಾಡಿಸಿದೆ.

“ಅಂಗಾರೆ ಮದ್ವೇಲಿ?”

“ಆಗ ಹಾಕ್ಸಿ ಮೂರ್ ದಿನ ಆಗಿತ್ರಿ” ಎಂದು ನಾಲ್ಕೈದು ಸಲ ಪ್ರಯತ್ನಿಸಿ ತಿಳಿಸಿದೆ.

ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯೋ ಶಿವ್ನೇ! ನಂಗೊತ್ತಿಲ್ಲ ಕಣ್ರೀ, ಆಣೇಗೂ ಗೊತ್ತಿಲ್ಲ. ಸುಮ್ನೆ ತಮಾಸೆಗೆ ಅಂದೆ. ಗೊತ್ತಿದ್ರೆ ಅಂತಿದ್ನಾ?”

ನಾನು ಅವರ ಕೈ ಹಿಡಿದು ಮತ್ತೊಮ್ಮೆ ಹೇಳಿದೆ. ಈ ಸಲವೂ ಹಪ್ಪಳವೇ ಬಂತು. ಆದರೆ ಅವರಿಗೆ ಅರ್ಥವಾಯಿತು. ಹಿಡಿದ ಕೈಯನ್ನು ಬಿಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರ ಹೆಗಲು ಕುಲುಕತೊಡಗಿತು. “ಅಪ್ಪಳ” ಎಂದು ತಮ್ಮಷ್ಟಕ್ಕೆ ಅಂದುಕೊಂಡು ನಗಲು ಶುರುಮಾಡಿದರು. ನನಗೂ ತಡೆಯಲಾಗಲಿಲ್ಲ. ಸೋಮಣ್ಣ ಎದ್ದು, “ಏನ್ರಣ್ಣ, ಏನಾರ ಬಂತಾ?” ಎಂದು ದೊಣ್ಣೆ ಹುಡುಕಿದ. ಏನೂ ಬಂದಿಲ್ಲ ಮಲಗಪ್ಪ ಎಂದೆವು.

ಬೆಳಿಗ್ಗೆ ಎದ್ದಾಗ ಟೆಂಟು ಖಾಲಿ. ಮಕ್ಕಳಿಬ್ಬರೂ ನಸುಕಿನಲ್ಲೇ ಸೂರ್ಯೋದಯ ನೋಡಲು ತುದಿಗೆ ಹೋಗಿದ್ದಾರೆಂದು ಸೋಮಣ್ಣ ಹೇಳಿದ. “ನಿಮ್ಮನ್ನ ಎಬ್ಬಿಸ್ಬೇಡ ಅಂದ್ರು ಅಮ್ಮಾವ್ರು.” ನನ್ನ ಮುಖ ನೋಡುವ ಮನಸ್ಸು ಅವಳಿಗೆ ಇರಲಿಲ್ಲ ಎಂದು ನನಗೆ ಗೊತ್ತಾಯಿತು.

ಮುನಿಶಾಮಪ್ಪನವರು ಆಗಲೇ ಒಲೆಯ ಮುಂದೆ ಕೂತಿದ್ದರು. ಅವರು ಎಲ್ಲಿಗೆ ಹೋದರೂ ಚೀಲದಲ್ಲಿ ಒಂದು ಸೇರು ರಾಗಿ ಹಿಟ್ಟು ಇರುತ್ತದಂತೆ. ಕುದಿಯುವ ನೀರಿಗೆ ಹಿಟ್ಟು ಸುರಿದು, ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಸೋಮಣ್ಣ ಕೊಟ್ಟ ಕೋಲಿನಿಂದ ತಿರುವುತ್ತಿದ್ದರು. ಮೆಕ್ಯಾನಿಕ್ಕಿನ ತೋಳು, ಹಿಟ್ಟು ಎಲ್ಲಿಗೆ ಹೋದೀತು? ನಿನ್ನೆಯ ಸಾರನ್ನು ಬಿಸಿ ಮಾಡಿ ತಟ್ಟೆಗೆ ಬಿಟ್ಟು, ಉಂಡೆ ಕಟ್ಟಿದ ಮುದ್ದೆಯನ್ನು ನನ್ನ ಮುಂದಿಟ್ಟರು.

ನಲವತ್ತು ವರ್ಷ ದಾಸರಹಳ್ಳಿಯಲ್ಲಿದ್ದೂ ನಾನು ಮುದ್ದೆ ತಿಂದಿರಲಿಲ್ಲ. ನಮ್ಮ ರೊಟ್ಟಿಗೆ ದ್ರೋಹವಾದೀತು ಎಂಬಂತೆ ಹಟ ಹಿಡಿದಿದ್ದೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅದನ್ನು ಆಚೆ ಸರಿಸುತ್ತಿದ್ದೆ. ಈಗ ಒಂದು ತುಣುಕು ಮುರಿದು ಬಾಯಿಗಿಟ್ಟು, ಅಭ್ಯಾಸಬಲದಿಂದ ಒಸಡಿನಲ್ಲೇ ಅಗಿಯತೊಡಗಿದೆ.

“ಅಗೀಬೇಡಿ, ಅಗೀಬೇಡಿ! ಸಾರಲ್ಲಿ ಒರಳ್ಸಿ. ಆಂ, ಅಂಗೆ. ಈಗ ಬಿಟ್ಬುಡಿ, ಅದೇ ಓಯ್ತದೆ.”

ಹೋಯಿತು. ಬಿಸಿಯಾಗಿ, ನುಣ್ಣಗೆ, ನೇರವಾಗಿ ಹೊಟ್ಟೆಗೇ ಹೋಯಿತು. ರಾತ್ರಿಯಿಡೀ ಖಾಲಿಯಿದ್ದ ಹೊಟ್ಟೆ ನಿಟ್ಟುಸಿರು ಬಿಟ್ಟಿತು. ಎರಡನೆಯ ಮುದ್ದೆಯನ್ನು ನಾನೇ ಕೇಳಿ ಹಾಕಿಸಿಕೊಂಡೆ. ಮುನಿಶಾಮಪ್ಪನವರು ನನ್ನ ರೊಟ್ಟಿಯ ಕಟ್ಟಿನಿಂದ ಒಂದನ್ನು ತೆಗೆದು ಕರಕರ ಕಡಿಯುತ್ತ ಎದುರು ಕೂತರು.

ತುದಿಗೆ ಇನ್ನೂ ಒಂದು ಗಂಟೆಯ ದಾರಿ. ನಾನು ಇಲ್ಲೇ ಕಾಯುತ್ತೇನೆ ಎಂದೆ. ಅವರು ಕೇಳಲಿಲ್ಲ. “ಮಗು ಕಣ್ಣೀರ್ ಆಕ್ಕೊಂಡ್ ಓಗೈತೆ. ನಾವಿಬ್ರೂ ಒಟ್ಗೆ ಮೇಲಕ್ಕೆ ಓಗ್ಬೇಕು. ಬನ್ನಿ” ಎಂದರು. ನನ್ನ ಮಗಳನ್ನು ಅವರು ಮಗು ಎನ್ನುತ್ತಾರೆಂದು ನನಗೆ ಆವತ್ತೇ ಗೊತ್ತಾದದ್ದು. ಕಾಲು ನೋವು ಮರೆತು ಎದ್ದೆ. ನೆಟ್ಟಗೆ ಹತ್ತಬೇಡಿ, ಬಸ್ಸು ಘಾಟಿ ಹತ್ತಿದ ಹಾಗೆ ಅಡ್ಡಡ್ಡ ಹತ್ತಿ ಎಂದು ದಾರಿಯುದ್ದಕ್ಕೂ ಪಾಠ ಹೇಳಿದರು. ಸೋಮಣ್ಣ ಮುಂದೆ ದಾರಿ ತೋರಿಸುತ್ತಿದ್ದ.

ತುದಿ ತಲುಪಿದಾಗ ಸುತ್ತಲೂ ದಟ್ಟ ಮಂಜು. ಸೂರ್ಯನೂ ಇಲ್ಲ, ಕಣಿವೆಯೂ ಇಲ್ಲ, ಮಕ್ಕಳೂ ಕಾಣುತ್ತಿಲ್ಲ. ಗಾಳಿ ಮೂಳೆಗೆ ಇಳಿಯುತ್ತಿತ್ತು. ಒಂದು ಸಣ್ಣ ಬಂಡೆಯ ಮೇಲೆ ಇಬ್ಬರೂ ಒತ್ತಿಕೊಂಡು ಕೂತು, ಅವರ ಕಂಬಳಿಯನ್ನು ಇಬ್ಬರ ಹೆಗಲಿಗೂ ಹೊದ್ದುಕೊಂಡೆವು.

“ಇಷ್ಟ್ ಮೇಲಕ್ ಬಂದು ಏನ್ ಕಂಡಂಗಾಯ್ತು ಬೀಗ್ರೇ?” ಎಂದರು.

ನಾನು ಏನೋ ಉತ್ತರ ಕೊಟ್ಟೆ. ಅದು ನನ್ನ ಬಾಯಿಂದ ಬೇರೆ ಏನೋ ಆಗಿ ಹೊರಬಿತ್ತು. ಏನೆಂದು ಇಲ್ಲಿ ಬರೆಯುವ ಹಾಗಿಲ್ಲ. ಅವರು ಕಂಬಳಿ ಬಿಗಿಹಿಡಿದು ನಗತೊಡಗಿದರು. ನಾನೂ ಬೊಚ್ಚು ಬಾಯಿ ಪೂರಾ ತೆರೆದು ನಕ್ಕೆ. ಆಗ ಮಂಜಿನೊಳಗಿಂದ ಪಲ್ಲವಿಯ ದನಿ ಕೇಳಿಸಿತು.

“ಕಿರಣ್, ಅದು ಪಪ್ಪ ನಗ್ತಿರೋದಾ?”

“ನಮ್ಮಪ್ಪನೂ ಇದಾರೆ ಕಣೇ” ಎಂದ ಅಳಿಯ.

ಹೆಜ್ಜೆಯ ಸದ್ದು ಹತ್ತಿರವಾಯಿತು. ಮೊದಲು ಅವಳ ಕೆಂಪು ಟೋಪಿ ಕಂಡಿತು, ಆಮೇಲೆ ಮುಖ. ನಮ್ಮಿಬ್ಬರನ್ನೂ ನೋಡಿದಳು, ಕಂಬಳಿಯನ್ನು ನೋಡಿದಳು, ನನ್ನ ಬಾಯಿಯನ್ನು ನೋಡಿದಳು. “ಪಪ್ಪಾ!” ಎಂದಳು. ಅತ್ತು ಊದಿದ ಕಣ್ಣಿನಲ್ಲಿ ನೂರು ಪ್ರಶ್ನೆ. ಒಂದನ್ನೂ ಕೇಳದೆ ಓಡಿ ಬಂದು ನಮ್ಮಿಬ್ಬರ ನಡುವೆ ಕೂರಲು ನೋಡಿದಳು.

“ಸ್ವಲ್ಪ ಸರೀರಿ ಇಬ್ರೂ.”

“ಇಲ್ಲಿ ಜಾಗ ಇಲ್ಲ ಕಣಮ್ಮ” ಎಂದರು ಮುನಿಶಾಮಪ್ಪನವರು, ಕಂಬಳಿಯನ್ನು ನನ್ನ ಕಡೆ ಇನ್ನಷ್ಟು ಎಳೆಯುತ್ತ. “ಆ ಕಡೆ ಕೂತ್ಕೋ.”